ಗುಂಡಿಗಣ್ಣಿನ ಮೊಲದ ಕರಾರು

ಮಕ್ಕಳ ಕಾರ್ಟೂನ್ ಪರಿಶೀಲನಾ ಕಚೇರಿಯ ನಿಯಮದಂತೆ, ಯಾವುದೇ ಕಾರ್ಟೂನಿಗೆ ಎಷ್ಟು ಗುಣಗಳಿವೆಯೋ ಅಷ್ಟೇ ದೋಷಗಳೂ ಇರತಕ್ಕದ್ದು. ಒಂದು ಹೆಚ್ಚಾದರೂ ಕಡತ ವಾಪಸು. ಈ ನಿಯಮ ಮಾಡಿದವರು ಯಾರೆಂದು ಗೊತ್ತಿಲ್ಲವಾದ್ದರಿಂದ ಅದನ್ನು ರದ್ದು ಮಾಡಿ ಎಂದು ಯಾರನ್ನು ಕೇಳಬೇಕೆಂಬುದೂ ಗೊತ್ತಿಲ್ಲ.

ಅಲ್ಲಿ ಹನ್ನೊಂದು ವರ್ಷದಿಂದ ತಾತ್ಕಾಲಿಕಳಾಗಿದ್ದ ಗುಮಾಸ್ತೆಯ ಮೇಜಿಗೆ ಅನಿಮೆ ಎಂಬ ಜಪಾನಿ ಕಾರ್ಟೂನ್ ಸರಣಿಯೊಂದು ಬಂತು. ಅಂಗಿಗುಂಡಿಯಂಥ ಕಣ್ಣಿನ ಬಿಳಿ ಮೊಲವೊಂದು ಶಾಲೆ ಹುಡುಗಿಯರಿಗೆ ಮಾಯಾ ರಿಬ್ಬನ್ ಕೊಟ್ಟು ರುಜು ಹಾಕಿಸಿಕೊಳ್ಳುವ ಕಥೆ. ಕರಾರಿನ ಕೊನೆಯ ಸಾಲು ಮಾತ್ರ ಇರುವೆಯಷ್ಟು ಸಣ್ಣದು: ಮಾಯೆ ಬಳಸಿದಾಗಲೆಲ್ಲ ಮನೆಯವರಲ್ಲಿ ಒಬ್ಬರು ಹುಡುಗಿಯನ್ನು ಮರೆಯುತ್ತಾರೆ.

"ಈ ವರದಿ ಪಾಸಾದರೆ ನಿಮ್ಮನ್ನು ಖಾಯಂ ಮಾಡೋದು ನನ್ನ ಹೊಣೆ," ಎಂದರು ನಿರ್ದೇಶಕರು.

ಅವಳು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಎಲ್ಲ ಕಂತುಗಳನ್ನೂ ನೋಡಿದಳು. ಕೊನೆಯಲ್ಲಿ ನಾಯಕಿಯ ತಾಯಿಯೇ ಬಾಗಿಲು ತೆರೆದು "ಯಾರು ನೀನು?" ಎಂದಾಗ ಹನ್ನೆರಡರ ಮಗಳು ಬಿಕ್ಕಿಬಿಕ್ಕಿ ಅತ್ತು, "ಅಮ್ಮಾ, ನೀನು ಎಲ್ಲೂ ರುಜು ಹಾಕ್ಬೇಡ," ಎಂದು ಅವಳ ಸೊಂಟ ಹಿಡಿದುಕೊಂಡಳು. ಪಾಪ, ತಾಯಿಗೂ ಕಣ್ಣು ತುಂಬಿ ಬಂತು.

ವರದಿಯನ್ನು ಪ್ರಾಮಾಣಿಕವಾಗಿಯೇ ಬರೆದಳು. ಗುಣಗಳು ಮೂರು: ಚಿತ್ರ ಕಣ್ಣಿಗೆ ಹಬ್ಬ, ಸಂಗೀತ ಕರುಳು ಹಿಂಡುತ್ತದೆ, ಓದದೆ ರುಜು ಹಾಕಬಾರದೆಂದು ಮಕ್ಕಳಿಗೆ ತಿಳಿಯುತ್ತದೆ. ದೋಷಗಳೂ ಮೂರು: ನಡುವಿನ ಕಂತುಗಳನ್ನು ಚೂಯಿಂಗ್ ಗಮ್ಮಿನಂತೆ ಎಳೆದಿದ್ದಾರೆ, ಗೋಳು ಅತಿಯಾಗಿ ಕೊನೆಕೊನೆಗೆ ಅಳುವುದಕ್ಕೂ ತ್ರಾಣವಿರುವುದಿಲ್ಲ, ಮೊಲ ಮಹಾ ಮೋಸಗಾರ.

ನಿರ್ದೇಶಕರು ಕನ್ನಡಕ ಏರಿಸಿದರು. "ಲೆಕ್ಕ ಸರಿ, ಜಾಗ ತಪ್ಪು. ಮೊಲ ದೋಷವೇನಮ್ಮಾ? ಎಂಥ ಆಡಳಿತಗಾರ! ಮನೆಯವರೇ ಮರೆತುಬಿಟ್ಟರೆ ಮಗಳಿಗೆ ಜ್ವರ, ಅತ್ತೆಗೆ ಮಂಡಿನೋವು ಅಂತ ರಜೆ ಅರ್ಜಿ ಎಲ್ಲಿಂದ ಬರುತ್ತೆ?"

"ಆದ್ರೆ ಸಾರ್, ಓದದೆ ರುಜು..."

"ಅದೇ ದೋಷ. ಎಲ್ಲರೂ ಓದ್ತಾ ಕೂತರೆ ಕಚೇರಿ ನಡೆದ ಹಾಗೇ!"

ಅವಳು ಎರಡನ್ನೂ ಅದಲುಬದಲು ಮಾಡಿದಳು. ಮೂರಕ್ಕೆ ಮೂರೇ ಉಳಿಯಿತು. ವರದಿ ಪಾಸಾಯಿತು.

ಸೋಮವಾರ ಸುತ್ತೋಲೆ ಹೊರಟಿತು: "ಮೊಲದ ಪದ್ಧತಿಯನ್ನು ಈ ಕಚೇರಿಯ ಖಾಯಂ ನೌಕರರಿಗೂ ಅನ್ವಯಿಸಲಾಗಿದೆ. ಮೂಲ ಕರಾರಿನಲ್ಲಿ ಕಂಡುಬಂದ ಏಕೈಕ ಲೋಪವನ್ನು, ಅಂದರೆ ಮೂರು ಪ್ರತಿಗಳಿಲ್ಲದಿರುವುದನ್ನು, ಸರಿಪಡಿಸಲಾಗಿದೆ." ನೌಕರರ ಸಂಘ ಕೆಂಡಾಮಂಡಲವಾಯಿತು. ಮನೆಯವರಿಗೆ ಮರೆತುಹೋದ ನೌಕರರು ಕೂರಲು ಕ್ಯಾಂಟೀನಿನಲ್ಲಿ ಪ್ರತ್ಯೇಕ ಬೆಂಚು ಬೇಕೆಂದು ಪಟ್ಟು ಹಿಡಿದು, ಎರಡು ಬೆಂಚು ಗಿಟ್ಟಿಸಿಕೊಂಡು, ಚಪ್ಪಾಳೆ ತಟ್ಟಿತು.

ಸುತ್ತೋಲೆಯ ಜೊತೆಗೇ ಗುಮಾಸ್ತೆಯ ಖಾಯಂ ಆದೇಶವೂ ಬಂತು. ಅದರ ಕೊನೆಯಲ್ಲೂ ಅದೇ ಇರುವೆ ಸಾಲು, ಮಾಯೆಯ ಜಾಗದಲ್ಲಿ ರುಜು ಎಂದಿತ್ತಷ್ಟೇ. ಇಡೀ ಕಚೇರಿಯಲ್ಲಿ ರುಜುವಿಗೆ ಮುನ್ನ ಅದನ್ನು ಓದಿದವಳು ಅವಳೊಬ್ಬಳೇ. ಇದನ್ನು ಬಿಟ್ಟರೆ ಇನ್ನೂ ಹನ್ನೊಂದು ವರ್ಷ. ಎಲ್ಲಾ ಮಗಳಿಗಾಗಿಯೇ ತಾನೆ ಎಂದುಕೊಂಡು ರುಜು ಹಾಕಿದಳು, ಮೂರು ಪ್ರತಿಗೂ.

ಸಂಜೆ ಸಿಹಿ ಪೊಟ್ಟಣ ಹಿಡಿದು ಬೆಲ್ ಒತ್ತಿದಳು. ಮಗಳು ಬಾಗಿಲು ತೆರೆದಳು.

"ಯಾರು ಬೇಕಿತ್ತು?"

"ನಾನು ಕಣೇ... ಅಮ್ಮ."

"ಗುರುತಿನ ಚೀಟಿ ಇದೆಯಾ?"

ಅವಳು ಚೀಲದಿಂದ ಹೊಸ ಚೀಟಿ ತೆಗೆದುಕೊಟ್ಟಳು. ಮಗಳು ಹಿಂದೆ ಮುಂದೆ ತಿರುಗಿಸಿ, ಕೊನೆಯ ಸಾಲಿನವರೆಗೂ ಓದಿದಳು.

"ಸೀಲ್ ಇದೆ. ಖಾಯಂ ಅಂತಲೂ ಇದೆ. ಒಳಗೆ ಬನ್ನಿ, ಕೂತ್ಕೊಳ್ಳಿ."