ಶ್ರುತಿಪ್ರಿಯನಿಗೆ ಒಂದು ಉತ್ತರ

ಮಮದಾಪುರದ ಕನ್ನಡ ಶಾಲೆಯ ಮಾಸ್ತರ ಶ್ರೀಶೈಲನಿಗೆ ಹೆಂಡತಿಗೂ ಗೊತ್ತಿಲ್ಲದ ಒಂದು ಚಟವಿತ್ತು. ಗೋಕಾಕದ ಒಂದು ವಾರಪತ್ರಿಕೆಗೆ ‘ಶ್ರುತಿಪ್ರಿಯ’ ಎಂಬ ಹೆಸರಿನಲ್ಲಿ ಸಂಗೀತ ವಿಮರ್ಶೆ ಬರೆಯುವುದು. ಆ ವಾರ ಅವನ ಕೈಗೆ ಸಿಕ್ಕಿದ್ದು ಹೆಂಡತಿಯ ತಮ್ಮ ಸುಮನ್‌ನ ರ್‍ಯಾಪ್ ಆಲ್ಬಮ್, ‘ಹಸಿಖಾರ’. ಒಂಬತ್ತೂ ಹಾಡುಗಳನ್ನು ಮೂರು ಮೂರು ಸಲ ಕೇಳಿ, ‘ಹುಡುಗನಿಗೆ ಸಿಟ್ಟಿದೆ, ಉಸಿರಿಲ್ಲ’ ಎಂದು ಬರೆದ.

ರವಿವಾರ ಮಸಗುಪ್ಪಿಯ ಅತ್ತೆಯ ಮನೆಗೆ ಹೋದರೆ ಪತ್ರಿಕೆ ಅವನಿಗಿಂತ ಮೊದಲೇ ಬಂದು ಕುಳಿತಿತ್ತು.

“ಯಾರ್ರಿ ಅಳಿಯಾರ, ಈ ಶ್ರುತಿಪ್ರಿಯ?” ಅತ್ತೆ ಸತ್ತೆವ್ವ ಲಟ್ಟಣಿಗೆ ಹಿಡಿದೇ ಹೊರಬಂದಳು. “ನನ್ನ ಮಗಗ ಉಸಿರಿಲ್ಲಂತ! ಕೂಸಿದ್ದಾಗ ಅತ್ತರ ಮೂರು ಓಣಿಗೆ ಕೇಳತಿತ್ತು.”

“ಯಾರೋ ಕೆಲಸ ಇಲ್ಲದಾಂವ ಇರಬೇಕ್ರಿ ಅತ್ತಿ.”

ಕಟ್ಟೆಯ ಮೇಲೆ ಕುಳಿತಿದ್ದ ಬಾಜೂ ಮನೆಯ ಅಲ್ಲಪ್ಪ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. “ನಾ ಗಾಡ್ಯಾಗ ಹಚ್ಚಿದ್ನಿರಿ. ಫ್ಯಾಕ್ಟರಿ ಮುಟ್ಟೂತನಕ ನಿದ್ದಿ ಬರಲಿಲ್ಲ. ಇನ್ನೇನ ಬೇಕ್ರಿ?”

“ಎಷ್ಟು ಹಾಡು ಕೇಳಿದಿ?” ಶ್ರೀಶೈಲ ಕೇಳಿದ.

“ಒಂದ. ಅದನ್ನ ತಿರುಗಿ ತಿರುಗಿ ಹಚ್ಚಿದ್ನಿ.”

ಸತ್ತೆವ್ವ ಅಷ್ಟೂ ಕೇಳಿರಲಿಲ್ಲ. ಮಗನ ಹಾಡು ಬಂದ ದಿನ ಫೋನಿಗೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟು ಸುಮ್ಮನಾಗಿದ್ದಳು.

“ನೀವು ಕಲಿತಾವ್ರು. ಆ ಶ್ರುತಿಪ್ರಿಯಗೊಂದು ಉತ್ತರ ಬರೀರಿ. ಆಮ್ಯಾಲ ಹೋಳಿಗಿ,” ಎಂದಳು.

ಹಿಂದೆಮುಂದೆ ನೋಡಿದರೆ ಗುಟ್ಟು ರಟ್ಟಾದೀತು. ಶ್ರೀಶೈಲ ಕುಳಿತು, ‘ಶ್ರುತಿಪ್ರಿಯನಿಗೆ ಕಿವಿಯೇ ಇಲ್ಲ’ ಎಂದು ಶುರುಮಾಡಿ ತನ್ನನ್ನು ತಾನೇ ಒಂದು ಪುಟ ಬೈದುಕೊಂಡ. ಖಾರ ಸಾಲದೆಂದು ಅತ್ತೆ ಅಂದಾಗ ‘ಕತ್ತೆ’ ಎಂದೂ ಸೇರಿಸಿದ. ಕೆಳಗೆ ನಿಜವಾದ ಹೆಸರಿನ ಸಹಿ. ಅಲ್ಲಪ್ಪ ಫೋಟೋ ತೆಗೆದು ಪತ್ರಿಕೆಗೆ ಕಳಿಸಿಯೇ ಬಿಟ್ಟ.

ಹೋಳಿಗೆಯ ಮೊದಲ ತುತ್ತಿಗೆ ಸುಮನ್ ಬಂದ. ಉತ್ತರವನ್ನು ಓದಿ ಮುಖ ಸಣ್ಣದು ಮಾಡಿದ.

“ಇದನ್ನ ಯಾಕ ಬರದ್ರಿ ಮಾಮಾ?” ಕಿಸೆಯಿಂದ ವಿಮರ್ಶೆಯ ತುಣುಕನ್ನು ಬಿಚ್ಚಿದ. ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ. “ಒಂಬತ್ತೂ ಹಾಡ ಕೇಳಿದಾಂವ ಇಂವ ಒಬ್ಬನ. ಏಳನೇ ಹಾಡಿನ್ಯಾಗ ನನ್ನ ಉಸಿರ ಎಲ್ಲಿ ತಪ್ಪೇತಿ ಅನ್ನೂದನ್ನೂ ಹಿಡದಾನ. ಕಾಲ ಬೀಳಬೇಕಂತ ನಿನ್ನಿ ಗೋಕಾಕಕ್ಕ ಹೋಗಿದ್ನಿ. ಆಫೀಸಿನವ್ರು ಹೆಸರ ಹೇಳಲಿಲ್ಲ.”

ಹನ್ನೆರಡು ವರ್ಷ ಬರೆದರೂ ಶ್ರೀಶೈಲನಿಗೆ ಯಾರೂ ಇಂಥ ಮಾತು ಆಡಿರಲಿಲ್ಲ. ಅತ್ತೆ, ಹೋಳಿಗೆ, ಮಾನ ಎಲ್ಲ ಮರೆತುಹೋಯಿತು.

“ಸುಮನ್, ಅದನ್ನ ಬರದಾಂವ ನಾನಪಾ!”

ಸುಮನ್ ಕೈಯಲ್ಲಿದ್ದ ಉತ್ತರವನ್ನೊಮ್ಮೆ, ಅವನನ್ನೊಮ್ಮೆ ನೋಡಿದ.

“ಬಿಡ್ರಿ ಮಾಮಾ. ಇಂಥಾದ್ದ ಬರದ ಕೈ ಅದನ್ನ ಬರಿಯಾಕ ಸಾಧ್ಯ ಐತೇನ್ರಿ? ದೊಡ್ಡವ್ರ ಹೆಸರ ಕದೀಬ್ಯಾಡ್ರಿ,” ಎಂದು ಬೇಸರದಿಂದ ಎದ್ದುಹೋದ.

ಸತ್ತೆವ್ವ ಮಾತ್ರ ಪೂರ್ತಿ ನಂಬಿದಳು. ಅಳಿಯನ ಮುಂದಿನ ಹೋಳಿಗೆಯ ತಾಟು ಎತ್ತಿಕೊಂಡು ಒಳಗೆ ಹೋದಳು. ತಿರುಗಿ ಬರುವಾಗ ಅವಳ ಕೈಯಲ್ಲಿ ಲಟ್ಟಣಿಗೆಯಷ್ಟೇ ಇತ್ತು.