ತುಕ್ಕಿನ ಮೇಲೊಂದು ಗಿಳಿ

ನಮ್ಮ ಸೀಮೆಯಲ್ಲಿ ನನಗೆ ಕೋಪ ಬರಿಸಲು ಯಾರೂ ವಿಶೇಷವಾಗಿ ಶ್ರಮಪಡಬೇಕಾಗಿಲ್ಲ. ನಾನೊಂದು ಕಲಾಕೃತಿ ಮಾಡಿದರೆ ಸಾಕು, ಮಿಕ್ಕಿದ್ದು ತಾನಾಗಿ ನಡೆಯುತ್ತದೆ. ಇಲ್ಲಿ ಹೇಳುತ್ತಿರುವುದೆಲ್ಲ ಒಂದೇ ಕೃತಿಯ ಪಾಡು. ಆಳೆತ್ತರದ ಕಬ್ಬಿಣದ ತಗಡು, ಅದರ ಮೈತುಂಬ ತುಕ್ಕು, ಅಂಚಿಗೆ ಕರಿ ಕಂಬಳಿ. ಪಾವಗಡದ ಕಡೆ ಕುರಿ ಮೇಯುತ್ತಿದ್ದ ಬಯಲಿನ ಮೇಲೆ ಸೋಲಾರ್ ಹಲಗೆಗಳು ಮಲಗಿದ್ದನ್ನು ಕಂಡ ದಿನದಿಂದ ಆ ನೋಟ ತಲೆಯಿಂದ ಇಳಿದಿರಲಿಲ್ಲ. ಅದಕ್ಕೊಂದು ಆಕಾರ ಕೊಡಲು ಹೋದೆ. ಆಕಾರ ಸಿಗಲಿಲ್ಲ. ಸಿಗದೇ ಇದ್ದದ್ದೇ ಸರಿ ಅನ್ನಿಸಿ ನಡುವಿನ ಜಾಗ ಖಾಲಿ ಬಿಟ್ಟೆ. ಅಲ್ಲಿಂದ ಶುರುವಾಯಿತು.

ಏನ್ ಕೆಲ್ಸ?

ನಾನು ಏನು ಕೆಲಸ ಮಾಡುತ್ತೇನೆ ಅಂತ ಹೇಳಿದರೇ ಜಗಳ. ಕೊರಟಗೆರೆಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಸೋದರತ್ತೆ ಕೇಳಿದರು.

"ಮಧುಗಿರೀಲಿ ಏನ್ ಕೆಲ್ಸ ಮಾಡ್ಕಂಡಿದ್ದೀಯವ್ವ?"

"ಚಿತ್ರ ಬರೀತೀನಿ ಅತ್ತೆ. ವೆಲ್ಡಿಂಗ್ ಮಾಡ್ತೀನಿ. ಮಗ್ಗದಲ್ಲಿ ನೇಯ್ತೀನಿ. ನಾಟಕಕ್ಕೆ ತಮಟೆ ಬಾರಿಸ್ತೀನಿ."

ಅತ್ತೆ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ನೀರಾಡಿದ್ದು ಸಾರಿನ ಖಾರಕ್ಕಲ್ಲ.

"ಅಯ್ಯೋ ಕಂದ! ಯಾರೂ ಒಂದ್ ಕಡೆ ಕಾಯಂ ಮಾಡ್ಕಳ್ಳಲಿಲ್ವಾ ನಿನ್ನ?"

ಗೋಡೆಗೆ ಕಂಬಳಿ

ಕಂಬಳಿಗಾಗಿ ಹುಲಿಕುಂಟೆ ಕಡೆ ಕುರಿ ಸಾಕುವವರ ಮನೆಗೆ ಹೋದೆ. ನನಗೆ ಬೇಕಿದ್ದದ್ದು ಮಳೆ, ಹೊಗೆ, ಕುರಿವಾಸನೆ ಎಲ್ಲ ಕುಡಿದ ಹಳೇ ಕಂಬಳಿ. ಆ ಮನೆಯ ತಾತ ಹೊಸ ಹೊಸದನ್ನೇ ಹಾಸಿ ಹಾಸಿ ತೋರಿಸಿದ.

"ಹಳೇದೇ ಬೇಕು ತಾತ."

"ಅದು ಹರಿದೋಗೈತೆ ಕಣಮ್ಮ, ಹೊದ್ಕಳಕ್ಕಾಗಲ್ಲ."

"ಹೊದ್ಕೊಳ್ಳೋಕಲ್ಲ. ಗೋಡೆಗೆ ಹಾಕೋಕೆ."

ತಾತ ಮಗನನ್ನು ನೋಡಿದ. ಮಗ ನನ್ನನ್ನು ನೋಡಿದ. ನಾನು ಸುಮ್ಮನಿರಬಹುದಿತ್ತು. ನೆಲ, ನೆನಪು, ಅಮೂರ್ತ ಕಲೆ ಅಂತ ಉರಿಬಿಸಿಲಲ್ಲಿ ನಿಂತು ಭಾಷಣ ಬಿಗಿದೆ. ಗಂಟಲೂ ಒಣಗಿತು, ತಾಳ್ಮೆಯೂ ಒಣಗಿತು. ತಾತ ಎಲ್ಲವನ್ನೂ ಕೇಳಿಸಿಕೊಂಡು, ಹರಿದ ಕಂಬಳಿ ಮಡಚಿ ನನ್ನ ಕೈಗಿಟ್ಟು, ಬಲು ಮರುಕದಿಂದ ಕೇಳಿದ.

"ಗ್ವಾಡೆಗೇ ಅಷ್ಟೊಂದ್ ಚಳಿ ಆಯ್ತದಾ ಮಧುಗಿರಿ ಕಡೆ?"

ಕಲೆ

ತಗಡನ್ನು ಇಡೀ ಮಳೆಗಾಲ ಹಿತ್ತಲಲ್ಲಿ ಮಲಗಿಸಿದ್ದೆ. ಉಪ್ಪುನೀರು ಚಿಮುಕಿಸಿ, ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದು, ಬಾಣಂತಿಯ ಹಾಗೆ ನೋಡಿಕೊಂಡು ತುಕ್ಕು ಬರಿಸಿದ್ದೆ. ಒಂದು ಮಧ್ಯಾಹ್ನ ಬಂದು ನೋಡಿದರೆ ತಗಡೇ ಇಲ್ಲ! ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ತಲೆ ಎತ್ತಿದರು.

"ಹಾವುಗೀವು ಸೇರ್ಕಂತವೆ ಅಂತ ನಾನೇ ಶಿರಾದ ಗುಜರಿಯವನಿಗೆ ಎತ್ಕಂಡೋಗು ಅಂದ್ಬುಟ್ಟೆ ಕಣಮ್ಮ. ಪಾಪ, ನಿಂಗೆಲ್ಲಿ ಪುರುಸೊತ್ತು?"

ಬೈಯಲೂ ಪುರುಸೊತ್ತಿರಲಿಲ್ಲ. ಸ್ಕೂಟರ್ ಹತ್ತಿ ಶಿರಾಕ್ಕೆ ಹಾರಿದೆ. ಗುಜರಿ ಅಂಗಡಿಯ ಸಾಹೇಬರು ಆಗಲೇ ಗ್ಯಾಸ್ ಕಟರ್ ಹೊತ್ತಿಸಿ ತಗಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ನಿಲ್ಸೀ! ಅದು ಕಲೆ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ.

ಸಾಹೇಬರು ಬೆಂಕಿ ಆರಿಸಿ, ಕನ್ನಡಕ ಏರಿಸಿ, ತಗಡಿನ ಹತ್ತಿರ ಬಗ್ಗಿ ನೋಡಿದರು.

"ಹೌದಮ್ಮ, ಮೈಯೆಲ್ಲಾ ಐತೆ. ಫಿಕರ್ ಮಾಡ್ಬ್ಯಾಡಿ, ಸೀಮೆಎಣ್ಣೆ ಹಾಕಿ ಉಜ್ಜಿದ್ರೆ ಪೂರಾ ಹೋಗ್ತದೆ."

ಸೂಚನೆ

ಅಂತೂ ಕೃತಿ ಮುಗಿದು, ಪಾವಗಡದ ಕಡೆ ರಾಯಚರ್ಲು ಹಾದಿಯಲ್ಲಿ ಹೊಸದಾಗಿ ಕಟ್ಟಿದ ಒಂದು ಖಾಸಗಿ ಕಚೇರಿಯ ಹಜಾರ ಸೇರಿತು. ಸ್ವಲ್ಪ ದಿನ ಬಿಟ್ಟು ನೋಡಲು ಹೋದೆ. ಕಂಬಳಿ ಹಿಡಿದು ನಿಲ್ಲಲಿ ಅಂತ ನಾನು ಬೆಸೆದಿದ್ದ ಕೊಕ್ಕೆಗಳಲ್ಲಿ ಒಂದರಲ್ಲಿ ಹೆಲ್ಮೆಟ್, ಒಂದರಲ್ಲಿ ಟಿಫನ್ ಬ್ಯಾಗು, ಇನ್ನೊಂದರಲ್ಲಿ ಯಾರದ್ದೋ ಒದ್ದೆ ಟವಲ್ಲು.

ಮ್ಯಾನೇಜರರ ಮೇಜು ಗುದ್ದಿದೆ. "ಅದು ಗೂಟ ಅಲ್ಲ ಸ್ವಾಮಿ, ಕಲಾಕೃತಿ! ಅದರ ಮೇಲೆ ಒಂದು ನೊಣ ಕೂರಬಾರದು!"

ಅವರು ನಿಜಕ್ಕೂ ನೊಂದುಕೊಂಡರು. "ತಪ್ಪಾಯ್ತು ಮೇಡಂ. ಇವತ್ತೇ ವ್ಯವಸ್ಥೆ ಮಾಡ್ತೀನಿ."

ಮಾಡಿದರು. ಮುಂದಿನ ಸಲ ಹೋದಾಗ ಹೆಲ್ಮೆಟ್ ಇರಲಿಲ್ಲ, ಟವಲ್ಲೂ ಇರಲಿಲ್ಲ. ಕೃತಿಯ ನಟ್ಟನಡುವೆ, ನಾನು ಜೀವ ಹಿಡಿದು ಖಾಲಿ ಬಿಟ್ಟಿದ್ದ ಜಾಗಕ್ಕೆ ಗೋಂದು ಬಳಿದು ದೊಡ್ಡದೊಂದು ಹಾಳೆ ಅಂಟಿಸಿದ್ದರು.

"ಇದು ಕಲಾಕೃತಿ. ಇದರ ಮೇಲೆ ಏನನ್ನೂ ಹಾಕಬಾರದು."

ಗಿಳಿ

ಆ ಹಾಳೆ ಕೀಳಿಸಿ, ಕೂಗಾಡಿ ಬಂದಿದ್ದೆ. ಅದಕ್ಕೋ ಏನೋ, ಕಚೇರಿಯ ವಾರ್ಷಿಕ ಸಮಾರಂಭಕ್ಕೆ ಸನ್ಮಾನ ಅಂತ ಕರೆದರು. ಹೋದೆ. ಹಜಾರಕ್ಕೆ ಕಾಲಿಟ್ಟು ನೋಡಿದೆ. ನನ್ನ ತುಕ್ಕನ್ನೆಲ್ಲ ಉಜ್ಜಿ ತೆಗೆದು ತಗಡಿಗೆ ಬೆಳ್ಳಿ ಬಣ್ಣ ಹೊಡೆದಿದ್ದರು. ಕಂಬಳಿಯನ್ನು ಒಗೆಸಿ ಇಸ್ತ್ರಿ ಮಾಡಿಸಿದ್ದರು. ನಡುವೆ, ಕೆಂಪು ಕೊಕ್ಕಿನ ಒಂದು ಹಸಿರು ಗಿಳಿ.

"ಯಾರು ಮಾಡಿದ್ದು ಇದನ್ನ?" ಅಂತ ಅಬ್ಬರಿಸಿದೆ.

ಕಚೇರಿಗೆ ಸುಣ್ಣಬಣ್ಣ ಮಾಡಿದ್ದ ಪೇಂಟರ್ ಹೊಸ ಅಂಗಿ ತೊಟ್ಟು ನಗುತ್ತಾ ಮುಂದೆ ಬಂದು, ತನ್ನ ತೆಲುಗು ಬೆರೆಸಿದ ಕನ್ನಡದಲ್ಲಿ ಹೇಳಿದ. "ನಾನೇ ಮೇಡಂ. ಮಧ್ಯದಾಗೆ ಖಾಲಿ ಇತ್ತಲ್ಲ, ಬಾಗಲೇದು, ಚಂದಾಗಿಲ್ಲ ಅನ್ನಿಸ್ತು. ಒಂದು ಚಿಲುಕ, ಅದೇ ಗಿಳಿ, ಕೂರಿಸ್ಬುಟ್ಟೆ."

ಉತ್ತರ ಕೊಡುವಷ್ಟರಲ್ಲಿ ವೇದಿಕೆಗೆ ಎಳೆದುಕೊಂಡು ಹೋಗಿ, ಶಾಲು ಹೊದಿಸಿ, ಕೈಗೆ ಮೈಕು ಕೊಟ್ಟರು. ಹಲ್ಲು ಕಚ್ಚಿ ಹೇಳಿದೆ. "ಇದು ನನ್ನದಲ್ಲ! ಇದರಲ್ಲಿ ನನ್ನದು ಅನ್ನೋದು ಏನೂ ಇಲ್ಲ!"

ಮ್ಯಾನೇಜರು ಗದ್ಗದಿತರಾಗಿ ಇನ್ನೊಂದು ಮೈಕು ಎತ್ತಿಕೊಂಡರು. "ಎಂಥಾ ದೊಡ್ಡ ಮಾತು! ನನ್ನದೇನೂ ಇಲ್ಲ ಅಂತಾರೆ!" ಚಪ್ಪಾಳೆಯೋ ಚಪ್ಪಾಳೆ.

ಮುಖ್ಯ ಅತಿಥಿಗಳು ಪೇಂಟರನನ್ನು ಕರೆದು ಕೇಳಿದರು. "ಗಿಳಿ ಚೆನ್ನಾಗಿದೆ. ಸುತ್ತ ಇರೋದೆಲ್ಲ ಏನಪ್ಪ?"

"ಅದು ಮೇಡಮ್ಮೋರ್ದು ಸಾರ್. ಚಿಲುಕ ಕೂತ್ಕಳಕ್ಕೆ ಮಾಡವ್ರೆ."

ಶಾಲು ಕಿತ್ತು ಅವನ ಹೆಗಲಿಗೆ ಎಸೆದು, ನನ್ನ ಕೃತಿ ನನಗೆ ವಾಪಸು ಕೊಡಿ ಅಂದೆ. ಮ್ಯಾನೇಜರು ತಲೆ ಕೆರೆದುಕೊಂಡರು. "ತಗಂಡೋಗಿ ಮೇಡಂ. ಆದ್ರೆ ಗಿಳಿ ಬಿಟ್ಟೋಗಿ. ಸ್ಟಾಫಿಗೆಲ್ಲ ಹೊಂದ್ಕಂಡುಬುಟ್ಟೈತೆ."

ಮಾರನೇ ದಿನ ಗ್ಯಾಸ್ ಕಟರ್ ಹೊತ್ತುಕೊಂಡೇ ಹೋದೆ. ಕಂಬಳಿ ಬಿಚ್ಚಿಟ್ಟು, ಕೊಕ್ಕಿನಿಂದ ಬಾಲದ ತನಕ ಗಿಳಿಯನ್ನು ಕೊಯ್ದು ತೆಗೆದು ಅವರ ಮೇಜಿನ ಮೇಲೆ ಕುಕ್ಕಿದೆ. ಮಿಕ್ಕಿದ್ದನ್ನು ಲಗೇಜ್ ಆಟೋಗೆ ಹೇರಿ ಮಧುಗಿರಿಗೆ ತಂದೆ. ಬೆಳ್ಳಿ ಬಣ್ಣ ಸುಟ್ಟು, ಮತ್ತೆ ತುಕ್ಕು ಬರಿಸಿ, ಗಿಳಿಯಾಕಾರದ ತೂತಿನ ಸಮೇತ ಮನೆಯ ಮುಂದೆ ನಿಲ್ಲಿಸಿದ್ದೇನೆ. ಕೋಪ ಇನ್ನೂ ಇಳಿದಿಲ್ಲ. ಆದರೆ ಇದರ ಅರ್ಥವೇನು ಅಂತ ಈಗ ಯಾರೂ ಕೇಳುವುದಿಲ್ಲ. ಮೊನ್ನೆ ಸಂತೆಯಿಂದ ಬರುತ್ತಿದ್ದ ಒಬ್ಬ ಅಜ್ಜಿ ನಿಂತು, ತೂತನ್ನು ನೋಡಿ ಲೊಚಗುಟ್ಟಿ, ನನ್ನ ಬೆನ್ನು ತಡವಿ ಹೇಳಿತು.

"ಹೋಗ್ಲಿ ಬುಡವ್ವ, ಸಾಕಿದ್ ಗಿಳಿ ತಾನೆ? ಹೊತ್ತು ಮುಳುಗೋ ಹೊತ್ಗೆ ಬತ್ತದೆ."