ಹ್ಯಾಂಡಲಿನ ಮೇಲಿನ ಬಾಣಂತಿ

ಪ್ರಾಣಿಶಾಸ್ತ್ರ ಉಪನ್ಯಾಸಕನ ಕೆಲಸದ ಸಂದರ್ಶನಕ್ಕೆ ಓದುತ್ತ ಧಮ್ಮಪಾಲ ಒಂದು ತಿಂಗಳು ಬೈಕು ಮುಟ್ಟಿರಲಿಲ್ಲ. ಅಷ್ಟರಲ್ಲಿ ಪಾರಿವಾಳದ ಜಾತಿಯ ಬೆಳವದ ಜೋಡಿಯೊಂದು ಹ್ಯಾಂಡಲಿನ ನಡುವೆ ಸಂಸಾರ ಹೂಡಿತ್ತು. ಕಸಬರಿಗೆ ಕಡ್ಡಿಗಳನ್ನು ಯಾರೋ ಬೇಸರದಿಂದ ಎಸೆದಂಥ ಗೂಡು, ಅದರಲ್ಲಿ ರೆಕ್ಕೆ ಬಲಿತ ಎರಡು ಮರಿ.

ಬೀದರಿಗೆ ಹೊರಡಲು ಅವನು ಕೀಲಿ ತೆಗೆದದ್ದೇ ತಡ, ಎದುರುಮನೆಯ ಕಸ್ತೂರಿಬಾಯಿ ಬಂದು ಬೈಕಿಗೆ ಅಡ್ಡ ನಿಂತರು. ಗ್ಯಾರೇಜಿನ ಹುಸೇನನೂ ಸ್ಪ್ಯಾನರ್ ಕೆಳಗಿಟ್ಟು ಬಂದ. ಬೆಳವ ಎಲ್ಲೆಲ್ಲೂ ಇದೆ, ಅಪಾಯದಲ್ಲಿರುವುದು ದೂರದ ದ್ವೀಪದ ಕಾಡಿನ ಉಂಗುರ ಬಾಲದ ಲೆಮುರ್, ಇವತ್ತು ಸಂದರ್ಶನದಲ್ಲಿ ತಾನು ಪಾಠ ಮಾಡಿ ತೋರಿಸಬೇಕಾದ್ದೂ ಇವೆರಡರ ಹೋಲಿಕೆಯನ್ನೇ ಎಂದು ಧಮ್ಮಪಾಲ ವಿವರಿಸಿದ.

"ಸಮುದ್ರದಾಚಿ ಪ್ರಾಣಿಗಿ ಮರಗತಿ, ನಿನ್ನ ಬಾಗ್ಲಾಗಿನ ಬಾಣಂತಿನ ಎಬ್ಬಸ್ತಿ. ಇದೇನ್ ಸಾಲಿ ಕಲ್ತಿಯೋ ತಮ್ಮಾ?" ಎಂದರು ಕಸ್ತೂರಿಬಾಯಿ.

ಬೈಕು ಬಿಟ್ಟು ಭಾಲ್ಕಿಯಿಂದ ಹತ್ತಿದ ಬಸ್ಸಿನಲ್ಲಿ ಅವನಿಗೆ ಸಿಕ್ಕಿದ್ದು ಬೀದರಿನ ಗಾಂಧಿ ಗಂಜ ಮಾರುಕಟ್ಟೆಗೆ ಹೊರಟ ತೊಗರಿ ಚೀಲಗಳ ನಡುವಿನ ಜಾಗ. ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. ಇಳಿಯುವಾಗ ಪಾಠಕ್ಕೆಂದು ತಂದ ಲೆಮುರ್‌ನ ಚಿತ್ರ ಚೀಲಕ್ಕೆ ಸಿಕ್ಕಿ ಅರ್ಧ ಹರಿಯಿತು.

"ಇದರ ಬಾಲ ಎಲ್ಲದರಿ?" ಕೇಳಿದರು ಕಾಲೇಜಿನ ಅಧ್ಯಕ್ಷ ಶಿವರಾಜಪ್ಪ.

"ಬಸ್ಸಿನ್ಯಾಗ ಅದರಿ ಸರ್."

ಆದರೂ ಪಾಠ ಚೆನ್ನಾಗಿಯೇ ಆಯಿತು. ಲೆಮುರ್ ಸಾಮಾನ್ಯವಾಗಿ ವರ್ಷಕ್ಕೊಂದೇ ಮರಿ ಹಾಕುತ್ತದೆ, ಕಾಡು ಕಡಿದರೆ ಅದಕ್ಕೆ ಬೇರೆ ಗತಿಯಿಲ್ಲ. ಬೆಳವ ಹಾಗಲ್ಲ, ಎಲ್ಲಿ ಜಾಗ ಸಿಕ್ಕರೂ ಹೊಂದಿಕೊಳ್ಳುತ್ತದೆ. ಮರಿ ಹಾರಿದ ಗೂಡಿನಲ್ಲೇ ಮತ್ತೆ ಮತ್ತೆ ಮೊಟ್ಟೆ ಇಡುತ್ತದೆ. ಇದನ್ನು ಅವನು ಎಷ್ಟು ಹುರುಪಿನಿಂದ ಹೇಳಿದನೆಂದರೆ ಶಿವರಾಜಪ್ಪ ಮೇಜು ತಟ್ಟಿದರು. ಕೆಲಸ ಕೊಟ್ಟರು, ಔರಾದ ಶಾಖೆಯಲ್ಲಿ. ನಾಳೆ ಮುಂಜಾನೆಯೇ ಮೊದಲ ತಾಸು. ಆ ಹೊತ್ತಿಗೆ ಭಾಲ್ಕಿಯಿಂದ ಬಸ್ಸಿಲ್ಲ.

"ಸ್ವಂತ ಗಾಡಿ ಇದ್ದವ್ರೇ ಬೇಕ್ರಿ. ಅದ ಏನು?"

"ಅದರಿ ಸರ್," ಎಂದ ಧಮ್ಮಪಾಲ.

ಸಂಜೆ ಓಣಿ ಹೊಕ್ಕಾಗ ಕಸ್ತೂರಿಬಾಯಿ ನಗುತ್ತ ನಿಂತಿದ್ದರು. ಮಧ್ಯಾಹ್ನವೇ ಎರಡೂ ಮರಿ ಹಾರಿಹೋದವಂತೆ. ಧಮ್ಮಪಾಲ ಕೀಲಿ ಹಿಡಿದು ಹೆಚ್ಚುಕಡಿಮೆ ಓಡಿದ.

ಗೂಡಿನಲ್ಲಿ ತಾಯಿ ಬೆಳವ ಕೂತಿತ್ತು. ಅವನನ್ನು ನೋಡಿ ತುಸು ಸರಿಯಿತು. ಅದರ ಕೆಳಗೆ ಬೆಳ್ಳಗೆ, ಹೊಚ್ಚ ಹೊಸ ಮೊಟ್ಟೆ.

"ಇದು ಹಾರಿ ಹೋದ ಮ್ಯಾಲ ಗಾಡಿ ನಿನ್ನದೇ ಅಲ್ಲೇನು?" ಎಂದು ಸಮಾಧಾನ ಹೇಳಿದರು ಕಸ್ತೂರಿಬಾಯಿ.

ಉತ್ತರ ಧಮ್ಮಪಾಲನಿಗೆ ಗೊತ್ತಿತ್ತು. ಅದನ್ನು ಹೇಳಿಯೇ ಅವನು ಕೆಲಸ ಗಿಟ್ಟಿಸಿದ್ದು.

ಕಸ್ತೂರಿಬಾಯಿ ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಹಿಡಿ ಜೋಳ ಹರಡಿ, "ಆಚಿ ಸರಿ ತಮ್ಮಾ," ಎಂದರು, "ನೀ ನಿಂತ್ರ ಅದಕ್ಕ ಅಂಜಿಕಿ ಆಗ್ತದ."